ಮಕ್ಕಳೇ ಬಿಟ್ಟರಂತೆ

ಜೂನ್ 3, 2025, ಮಂಗಳವಾರ
ಮೈಸೂರು

ಈ ಸಲ ಎಂ.ಎ. ಮೊದಲ ವರ್ಷದವರಿಗೆ ‘ಅಳಿವಿನಂಚಿನ ಭಾಷೆಗಳು’ ಘಟಕ ನನ್ನ ಪಾಲಿಗೆ ಬಂದಿದೆ. ಹಳೆಯ ಟಿಪ್ಪಣಿ ತೆಗೆದು ನೋಡಿದರೆ ಬರೀ ಪಟ್ಟಿ. ಜಗತ್ತಿನಲ್ಲಿ ಇಷ್ಟು ಭಾಷೆ, ಅದರಲ್ಲಿ ಇಷ್ಟು ಅಪಾಯದಲ್ಲಿ, ಯುನೆಸ್ಕೊ ಕೊಟ್ಟ ದರ್ಜೆಗಳು ಇಂತಿಂಥವು. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಅಲ್ಲಿಗೆ ಮುಗಿಯಿತು. ಭಾಷೆ ಹೇಗೆ ಸಾಯುತ್ತದೆ ಎಂದು ಆ ಪಟ್ಟಿಯಿಂದ ಯಾರಿಗೂ ತಿಳಿಯುವುದಿಲ್ಲ. ಈ ವರ್ಷ ಒಂದೇ ಊರು, ಒಂದೇ ಭಾಷೆ ಹಿಡಿದು ಪಾಠ ಮಾಡಬೇಕೆಂದಿದ್ದೇನೆ.

ಆರಿಸಿಕೊಂಡದ್ದು ಪಪುವಾ ನ್ಯೂಗಿನಿಯ ತಯಾಪ್. ಆ ದೇಶದ್ದೇ ಒಂದು ಕತೆ. ಒಂದು ಕೋಟಿಯ ಆಸುಪಾಸಿನ ಜನಕ್ಕೆ ಅಲ್ಲಿ 800ಕ್ಕೂ ಹೆಚ್ಚು ಭಾಷೆಗಳು. ಸರ್ಕಾರ ಮಾನ್ಯ ಮಾಡಿದ ಮಾತಿನ ಭಾಷೆಗಳು ಮಾತ್ರ ಮೂರೇ: ಇಂಗ್ಲಿಷ್, ಟೋಕ್ ಪಿಸಿನ್, ಹಿರಿ ಮೋಟು. ಉಳಿದವೆಲ್ಲ ಊರಿನವು, ಕಣಿವೆಯವು, ಹೊಳೆಯ ಒಂದು ತಿರುವಿನವು. ತಯಾಪ್ ಅಂತೂ ಒಂದೇ ಒಂದು ಊರಿನ ಭಾಷೆ.

ಜೂನ್ 5, ಗುರುವಾರ

ಊರಿನ ಹೆಸರು ಗಾಪುನ್. ಪೂರ್ವ ಸೆಪಿಕ್ ಪ್ರಾಂತ್ಯದಲ್ಲಿ, ಸೆಪಿಕ್ ಮತ್ತು ರಾಮು ನದಿಗಳು ಸಮುದ್ರ ಸೇರುವ ಕಡೆಯ ಜೌಗು ಕಾಡಿನೊಳಗೆ ಇದೆ. ರಸ್ತೆಯಿಲ್ಲ, ವಿದ್ಯುತ್ತಿಲ್ಲ. ತಿನ್ನುವುದು ಸಾಗೊ. ಮರ ಕಡಿದು, ತಿರುಳು ಕುಟ್ಟಿ, ನೀರು ಹಾಕಿ ಹಿಂಡಿ, ತಳಕ್ಕೆ ಕೂತ ಹಿಟ್ಟಿಗೆ ಕುದಿನೀರು ಸುರಿದರೆ ಅಂಟಂಟಾದ ಗಟ್ಟಿ ಗಂಜಿ ಆಗುತ್ತದೆ. ಅದೇ ಅವರ ಊಟ.

ಹೊರಗಿನವರ ಕಾಗದಕ್ಕೆ ಈ ಭಾಷೆ ಬಂದದ್ದು 1937ರಲ್ಲಿ. ಗಿಯೋರ್ಗ್ ಹೋಲ್ಟ್ಕರ್ ಎಂಬ ಜರ್ಮನ್ ಪಾದ್ರಿ ಊರಿಗೆ ಸ್ವಲ್ಪ ಹೊತ್ತು ಬಂದು 125 ಪದ ಬರೆದುಕೊಂಡು ಹೋದ. ಮುಂದಿನ ವರ್ಷ ಅಚ್ಚು ಹಾಕಿಸಿದ. ಆಮೇಲೆ ಡಾನ್ ಲೇಕಾಕ್ 1973ರಲ್ಲಿ ಸೆಪಿಕ್ ಸೀಮೆಯ ಭಾಷೆಗಳನ್ನು ವಿಂಗಡಿಸುವಾಗ ಇದನ್ನು ಬೇರೆಯೇ ಇಟ್ಟ. ಅಕ್ಕಪಕ್ಕದ ಯಾವ ಭಾಷೆಯೊಂದಿಗೂ ಇದಕ್ಕೆ ನಂಟು ತೋರಿಸಲು ಇವತ್ತಿಗೂ ಆಗಿಲ್ಲ. ನಮ್ಮ ಪಾಠದ ಮಾತಿನಲ್ಲಿ ಹೇಳುವುದಾದರೆ ಒಂಟಿ ಭಾಷೆ. ಕನ್ನಡಕ್ಕೆ ತುಳು, ಕೊಡವ, ತಮಿಳು, ಗೊಂಡಿ ಎಂದು ಒಡಹುಟ್ಟಿದವರಿದ್ದಾರೆ. ತಯಾಪ್‌ಗೆ ಯಾರೂ ಇಲ್ಲ.

ತರಗತಿಯಲ್ಲಿ ಮೊದಲೇ ಬಿಡಿಸಿ ಹೇಳಬೇಕಾದ ಇನ್ನೊಂದು ಸಂಗತಿ: ‘ಪಪುವನ್’ ಅನ್ನುವುದು ‘ದ್ರಾವಿಡ’ ಅಂದಹಾಗೆ ಒಂದು ಕುಟುಂಬದ ಹೆಸರಲ್ಲ. ನ್ಯೂಗಿನಿ ಮತ್ತು ಸುತ್ತಲ ದ್ವೀಪಗಳಲ್ಲಿ ಆಸ್ಟ್ರೊನೇಷಿಯನ್ ಕುಟುಂಬಕ್ಕೆ ಸೇರದ ಭಾಷೆಗಳನ್ನೆಲ್ಲ ಒಟ್ಟಿಗೆ ಕರೆಯುವ ಅನುಕೂಲದ ಹೆಸರು. ಅದರೊಳಗೆ ಹತ್ತಾರು ಕುಟುಂಬಗಳಿವೆ, ಯಾರ ಗುಂಪಿಗೂ ಸೇರದ ಒಂಟಿಗಳೂ ಇವೆ.

ನಮಗೆ ತಯಾಪ್ ಇಷ್ಟು ತಿಳಿದಿರುವುದು ಡಾನ್ ಕುಲಿಕ್ ಅವರಿಂದ. ಮಾನವಶಾಸ್ತ್ರಜ್ಞ. 1980ರ ದಶಕದ ನಡುವೆ ಮೊದಲ ಸಲ ಹೋಗಿ, ಊರಲ್ಲೇ ಒಂದು ವರ್ಷಕ್ಕೂ ಮಿಕ್ಕಿ ಇದ್ದು, ಮುಂದಿನ ಮೂವತ್ತು ವರ್ಷ ಮತ್ತೆ ಮತ್ತೆ ಹೋಗಿ ಬಂದರು. 1992ರಲ್ಲಿ ಒಂದು ಪುಸ್ತಕ. 2019ರಲ್ಲಿ ಏಂಜೆಲಾ ಟೆರಿಲ್ ಜೊತೆ ವ್ಯಾಕರಣ ಮತ್ತು ನಿಘಂಟು. ಅದೇ ವರ್ಷ ಸಾಮಾನ್ಯ ಓದುಗರಿಗಾಗಿ ಇನ್ನೊಂದು. ನನ್ನ ಮೇಜಿನ ಮೇಲಿರುವುದು ಆ ಓದಿನ ಟಿಪ್ಪಣಿಗಳೇ.

ಅವರು ಮೊದಲು ಹೋದಾಗ ತಯಾಪ್ ಬಲ್ಲವರು ಸುಮಾರು 90 ಮಂದಿ. 2019ರ ಹೊತ್ತಿಗೆ ಇನ್ನೂರರ ಆಸುಪಾಸಿನ ಊರಲ್ಲಿ 50ಕ್ಕೂ ಕಡಿಮೆ. ಊರು ಬೆಳೆದಿದೆ, ಭಾಷೆ ಕುಗ್ಗಿದೆ.

ರಾತ್ರಿ

ಒಂದು ಅಂಶ ಬಿಟ್ಟುಹೋಯಿತು. ‘ಚಿಕ್ಕ ಭಾಷೆ, ಅದಕ್ಕೇ ಸಾಯುತ್ತಿದೆ’ ಎಂದು ಹುಡುಗರು ಥಟ್ಟನೆ ಹೇಳಿಬಿಡುತ್ತಾರೆ. ಅದು ತಪ್ಪು. ತಯಾಪ್ ಆಡುವವರು ಯಾವ ಕಾಲಕ್ಕೂ ನೂರೈವತ್ತರ ಮೇಲೆ ಹೋಗಿದ್ದಿರಲಾರದು. ಅಷ್ಟೇ ಜನರನ್ನು ಇಟ್ಟುಕೊಂಡು ಅದು ತಲೆತಲಾಂತರ ಬಾಳಿದೆ. ಗಾಪುನ್‌ನ ಹಿರಿಯರಿಗೆ ನೆರೆಯ ಕೋಪರ್, ಅಜೋರಾ ಭಾಷೆಗಳೂ ಬರುತ್ತಿದ್ದವು. ನೆಂಟಸ್ತಿಕೆಗೆ, ಕೊಡುಕೊಳ್ಳುವುದಕ್ಕೆ ನೆರೆಯವರ ಭಾಷೆ. ತಾವು ಯಾರೆಂದು ತೋರಿಸಿಕೊಳ್ಳುವುದಕ್ಕೆ ತಮ್ಮದು.

ಬೇರೆಯಾಗಿ ಕಾಣಬೇಕೆಂಬ ಹಟ ಆ ದೇಶದಲ್ಲಿ ಎಷ್ಟಿತ್ತೆಂದರೆ, ಮೊರೊಬೆ ಪ್ರಾಂತ್ಯದ ಸೆಲೆಪೆಟ್ ಭಾಷೆಯ ಒಂದು ಊರಿನವರು ಸಭೆ ಸೇರಿ, ‘ಇಲ್ಲ’ ಎಂಬುದಕ್ಕೆ ತಾವೂ ನೆರೆಯ ಊರಿನವರೂ ಒಂದೇ ಪದ ಆಡುತ್ತಿದ್ದೇವೆ, ಇನ್ನು ಮುಂದೆ ನಾವು ಬೇರೆ ಪದ ಬಳಸೋಣ ಎಂದು ತೀರ್ಮಾನಿಸಿದರು. ಕೆನ್ ಮೆಕೆಲ್‌ಹ್ಯಾನನ್ ಎಂಬ ಭಾಷಾವಿಜ್ಞಾನಿ ಇದನ್ನು ದಾಖಲಿಸಿದ್ದಾರೆ. ಇಂಥ ನೆಲದಲ್ಲಿ ಒಂದು ಊರು ತನ್ನ ಭಾಷೆಯನ್ನೇ ಕೈಬಿಟ್ಟಿತೆಂದರೆ ಕಾರಣ ಬೇರೆಲ್ಲೋ ಇರಬೇಕು.

ಜೂನ್ 8, ಭಾನುವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಇವರು ಮಗನ ಜೊತೆ ಕ್ರಿಕೆಟ್ ನೋಡುತ್ತ ಕೂತಿದ್ದಾರೆ. ನನಗೆ ಲಿಂಗದ ಅಧ್ಯಾಯ.

ತಯಾಪ್‌ನಲ್ಲಿ ಎರಡೇ ಲಿಂಗ. ಮನುಷ್ಯರ ಮಟ್ಟಿಗೆ ಗಂಡು, ಹೆಣ್ಣು ನೋಡಿ ನಡೆಯುತ್ತದೆ. ಉಳಿದ ಜಗತ್ತಿಗೆ ಆಕಾರವೂ ಗಾತ್ರವೂ ಲೆಕ್ಕ. ಉದ್ದನೆಯದು, ತೆಳ್ಳಗಿನದು, ದೊಡ್ಡದು ಪುಲ್ಲಿಂಗ. ಗಿಡ್ಡದು, ಗುಂಡಗಿನದು, ಚಿಕ್ಕದು ಸ್ತ್ರೀಲಿಂಗ. ಅಂದರೆ ಲಿಂಗ ಪದಕ್ಕೆ ಅಂಟಿಕೊಂಡು ಕೂತಿಲ್ಲ. ಎದುರಿಗಿರುವ ವಸ್ತುವನ್ನು ನೋಡಿ ಮಾತಾಡುವವನು ಗೊತ್ತುಮಾಡಬೇಕು. ಇನ್ನೂ ಒಂದು ವಿಶೇಷ: ಪ್ರತ್ಯೇಕವಾಗಿ ಗುರುತಿಸುವ ಕಾರಣವಿಲ್ಲದ ಕಡೆ ತಾನಾಗಿ ಬರುವುದು ಸ್ತ್ರೀಲಿಂಗ. ಪುಲ್ಲಿಂಗವೇ ಮೂಲ, ಸ್ತ್ರೀಲಿಂಗ ಅದಕ್ಕೆ ಪ್ರತ್ಯಯ ಸೇರಿಸಿ ಮಾಡಿಕೊಂಡದ್ದು ಎಂದು ಶಾಲೆಯಲ್ಲಿ ಕಲಿತ ನಮ್ಮ ಹುಡುಗಿಯರಿಗೆ ಇದು ಹಿಡಿಸೀತು.

ಇದು ತಯಾಪ್ ಒಂದರದೇ ಚಮತ್ಕಾರವಲ್ಲ. ಸೆಪಿಕ್ ಸೀಮೆಯ ಬೇರೆ ಭಾಷೆಗಳಲ್ಲೂ ಕಾಣುತ್ತದೆ. ಅಲೆಕ್ಸಾಂಡ್ರಾ ಐಖೆನ್‌ವಾಲ್ಡ್ 2008ರಲ್ಲಿ ವ್ಯಾಕರಣ ಬರೆದ ಮನಂಬು ಭಾಷೆಯಲ್ಲಿ ‘ತಲೆ’ ಗುಂಡಗಿರುವುದರಿಂದ ಸ್ತ್ರೀಲಿಂಗ. ತಲೆನೋವು ಬಂದು ತಲೆ ಭಾರವಾಗಿ, ದೊಡ್ಡದಾದಂತೆ ಅನ್ನಿಸಿದರೆ ಅದೇ ತಲೆ ಪುಲ್ಲಿಂಗ! ಇದನ್ನು ಊಟದ ಹೊತ್ತಿಗೆ ಹೇಳಿದಾಗ ಮಗ, “ಅಮ್ಮಾ, ನಿನ್ನ ಪಾಠ ಕೇಳಿದವರದ್ದೆಲ್ಲ ಪುಲ್ಲಿಂಗವೇ” ಅಂದ. ಇವರಿಗೆ ನಕ್ಕು ನಕ್ಕು ಕೆಮ್ಮು ಬಂತು.

ತರಗತಿಯಲ್ಲಿ ಹೇಳುವಾಗ ಇಷ್ಟು ಗಟ್ಟಿಯಾಗಿ ಹೇಳಬೇಕು. ಕನ್ನಡದ್ದು ಅರ್ಥವನ್ನು ಅನುಸರಿಸಿದ ಲಿಂಗ, ಹಿಂದಿಯದ್ದು ಬಹುಪಾಲು ಪದಕ್ಕೆ ಕಟ್ಟುಬಿದ್ದ ಲಿಂಗ. ತಯಾಪ್‌ನದು ಕಣ್ಣಳತೆಯನ್ನೂ ಸೇರಿಸಿಕೊಂಡ ಲಿಂಗ. ಮೂರನ್ನೂ ಪಕ್ಕಪಕ್ಕ ಇಟ್ಟಾಗಲೇ ‘ಲಿಂಗ’ ಎಂಬ ವ್ಯಾಕರಣದ ಕೋಣೆ ಎಷ್ಟು ಅಗಲ ಎಂದು ಗೊತ್ತಾಗುವುದು.

ಜೂನ್ 11, ಬುಧವಾರ

ಕ್ರಿಯಾಪದ. ಹೊರಗಿನವರು ಬೆವರುವುದು ಇಲ್ಲಿಯೇ.

‘ಅವಳು ಅವನನ್ನು ಹೆಗಲ ಮೇಲೆ ಹೊತ್ತು ಕೆಳಗಿಳಿಸಬೇಕೆಂದಿದ್ದಾಳೆ.’ ಇಷ್ಟನ್ನೂ ತಯಾಪ್‌ನಲ್ಲಿ ಒಂದೇ ಪದದಲ್ಲಿ ಹೇಳಬಹುದು. ಹೊರುವ ಕ್ರಿಯೆ, ಇಳಿಯುವ ದಿಕ್ಕು, ಮಾಡುವವಳು, ಮಾಡಿಸಿಕೊಳ್ಳುವವನು, ಮನಸ್ಸಿನ ಉದ್ದೇಶ ಎಲ್ಲವೂ ಒಂದರ ಬೆನ್ನಿಗೊಂದು ಅಂಟಿ ಬರುತ್ತವೆ. ಕನ್ನಡವೂ ಅಂಟು ಭಾಷೆಯೇ. ‘ಇಳಿಸಬೇಕೆಂದಿದ್ದಾಳೆ’ ಎಂಬುದನ್ನು ಕೇಳಿದ ಹೊರಗಿನವರಿಗೆ ಉಸಿರು ಕಟ್ಟಬಹುದು. ಆದರೆ ನಮ್ಮ ಕ್ರಿಯಾಪದ ಮಾಡುವವರನ್ನು ಮಾತ್ರ ಹೇಳುತ್ತದೆ. ‘ಅವನನ್ನು’ ಎಂಬುದಕ್ಕೆ ಬೇರೆ ಪದ ಬೇಕೇ ಬೇಕು. ತಯಾಪ್ ಕ್ರಿಯಾಪದ ಇಬ್ಬರನ್ನೂ ಹೊತ್ತಿರುತ್ತದೆ.

ಎರಡನೆಯದು: ತಯಾಪ್ ಕ್ರಿಯಾಪದ ಮೊದಲು ಕೇಳುವ ಪ್ರಶ್ನೆ ‘ಯಾವಾಗ’ ಎಂಬುದಲ್ಲ. ‘ಇದು ನಿಜಕ್ಕೂ ನಡೆದದ್ದೋ, ಇನ್ನೂ ನಡೆಯದೆ ಇರುವುದೋ’ ಎಂಬುದು. ನಡೆದದ್ದು, ನಡೆಯುತ್ತಿರುವುದು ಒಂದು ಕಡೆ. ನಡೆಯಲಿರುವುದು, ನಡೆಯಬಹುದಾದದ್ದು ಇನ್ನೊಂದು ಕಡೆ. ಪ್ರತ್ಯಯಗಳು ಈ ಎರಡು ಕಡೆಗೂ ಬೇರೆಬೇರೆ. ಇಲ್ಲಿ ನಮ್ಮ ಡಿ.ಎನ್. ಶಂಕರ ಭಟ್ಟರನ್ನು ತರಲೇಬೇಕು. 1999ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ವಾದವೇ ಇದು: ಕೆಲವು ಭಾಷೆಗಳಲ್ಲಿ ಎದ್ದು ಕಾಣುವುದು ಕಾಲ, ಕೆಲವಲ್ಲಿ ಕೆಲಸ ಮುಗಿದಿದೆಯೋ ಇಲ್ಲವೋ ಎಂಬುದು, ಇನ್ನು ಕೆಲವಲ್ಲಿ ಅದು ನಿಜವೋ ಸಂಭಾವ್ಯವೋ ಎಂಬುದು. ಒಂದರ ಕನ್ನಡಕ ಹಾಕಿಕೊಂಡು ಇನ್ನೊಂದನ್ನು ಓದಿದರೆ ದಾರಿ ತಪ್ಪುತ್ತದೆ. ಹುಡುಗರು ಈ ವಾದವನ್ನು ಸಿದ್ಧಾಂತವಾಗಿ ಕೇಳಿದ್ದಾರೆ. ಈಗ ಅದಕ್ಕೊಂದು ಊರು ಸಿಗುತ್ತದೆ.

ಮೂರನೆಯದು, ಚಿಕ್ಕದು. ಹಿಂದಿಯ ‘ನೇ’ ಥರದ ಒಂದು ಗುರುತು ತಯಾಪ್‌ನಲ್ಲೂ ಇದೆ. ಕೆಲಸ ಮಾಡಿದವರ ಹೆಸರಿಗೆ ಅಂಟುತ್ತದೆ. ಆದರೆ ಕಡ್ಡಾಯವಿಲ್ಲ. ಸಂದರ್ಭ ನೋಡಿ ಹಾಕುತ್ತಾರೆ, ಬಿಡುತ್ತಾರೆ. ಯಾವಾಗ ಹಾಕಬೇಕು, ಯಾವಾಗ ಬಿಡಬೇಕು ಎಂಬ ಹದವನ್ನು ಪುಸ್ತಕ ಓದಿ ಕಲಿಯಲಾಗದು. ಆ ಭಾಷೆ ಆಡುವವರ ನಡುವೆ ಬೆಳೆದವರಿಗೆ ಮಾತ್ರ ಅದು ಬರುತ್ತದೆ.

ಜೂನ್ 14, ಶನಿವಾರ

ಇಂಥ ಭಾಷೆಯನ್ನು ತಿನ್ನುತ್ತಿರುವುದು ಇಂಗ್ಲಿಷ್ ಎಂದು ಯಾರಾದರೂ ಊಹಿಸುತ್ತಾರೆ. ಅಲ್ಲ, ಟೋಕ್ ಪಿಸಿನ್. ಹತ್ತೊಂಬತ್ತನೆಯ ಶತಮಾನದಲ್ಲಿ ಪೆಸಿಫಿಕ್ ದ್ವೀಪಗಳ ತೋಟಗಳಿಗೆ ನಾನಾ ಭಾಷೆಯ ಕೂಲಿಗಳನ್ನು ಹಡಗಿನಲ್ಲಿ ತುಂಬಿ ತಂದಾಗ, ಅವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳಲು ಕಟ್ಟಿಕೊಂಡ ಭಾಷೆ. ಪದಗಳು ಬಹುತೇಕ ಇಂಗ್ಲಿಷಿನವು, ಒಳಗಿನ ಜಾಡು ಆ ದ್ವೀಪಗಳದ್ದು.

ಗಾಪುನ್‌ಗೆ ಅದು ಬಂದ ಬಗೆ ನೋಡಬೇಕು. ಮೊದಲ ಮಹಾಯುದ್ಧದ ಸುಮಾರಿಗೆ ಊರಿನ ಇಬ್ಬರು ಯುವಕರು ಕೊಬ್ಬರಿ ತೋಟದ ಕೂಲಿಗೆ ದೂರ ಹೋಗಿ ಬಂದರು. ಕಬ್ಬಿಣದ ಕತ್ತಿ, ಬಟ್ಟೆಗಳ ಜೊತೆಗೆ ಈ ಮಾತನ್ನೂ ತಂದರು. ಊರಿನವರ ಕಣ್ಣಿಗೆ ಅದು ಬಿಳಿಯರ ಭಾಷೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಸೈನಿಕರು ಆ ಸೀಮೆಗೆ ಬಂದಾಗ ಊರು ಕಾಡು ಸೇರಿತು. ರೋಗಕ್ಕೆ ಹಿರಿಯರನೇಕರು ಬಲಿಯಾದರು. ಯುದ್ಧ ಮುಗಿದ ಮೇಲೆ ಕ್ಯಾಥೊಲಿಕ್ ಧರ್ಮ ಬಂತು, ಪ್ರಾರ್ಥನೆ ಟೋಕ್ ಪಿಸಿನ್‌ನಲ್ಲಿ. 1950ರ ದಶಕದಲ್ಲಿ ಹರೆಯದ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಕೂಲಿಗೆ ಹೋಗಿ, ಅದೇ ಮಾತು ಕಲಿತು ವಾಪಸಾದರು. ಗಂಡಸರಿಂದ ಹೆಂಗಸರಿಗೆ, ಹೆಂಗಸರಿಂದ ಮಕ್ಕಳಿಗೆ. ಈ ಭಾಷೆಯನ್ನು ಹೇರಲು ಯಾರೂ ದಂಡೆತ್ತಿ ಬರಲಿಲ್ಲ, ತಯಾಪ್ ಆಡಬೇಡಿ ಎಂದು ಯಾರೂ ಆಜ್ಞೆ ಹೊರಡಿಸಲಿಲ್ಲ.

ಟೋಕ್ ಪಿಸಿನ್ ಅಂದರೆ ಹರಕುಮುರುಕು ಇಂಗ್ಲಿಷ್ ಎಂದು ಹುಡುಗರು ಮೂಗು ಮುರಿಯಕೂಡದು. ಅದಕ್ಕೊಂದು ಉದಾಹರಣೆ ಇಟ್ಟುಕೊಂಡಿದ್ದೇನೆ. ಕೇಳುವವರನ್ನೂ ಸೇರಿಸಿಕೊಂಡ ‘ನಾವು’ ಅಲ್ಲಿ ‘ಯುಮಿ’. ಕೇಳುವವರನ್ನು ಬಿಟ್ಟ ‘ನಾವು’ ‘ಮಿಪೆಲಾ’. ತುಳುವಿನಲ್ಲೂ ಹೀಗೇ. ‘ನಮ’ ಎಂದರೆ ನೀವೂ ಸೇರಿದ ನಾವು, ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು ನಾವು. ಇಂದಿನ ಕನ್ನಡಕ್ಕೆ ಈ ಭೇದವಿಲ್ಲ. ಇಂಗ್ಲಿಷಿಗೂ ಇಲ್ಲ. ಇಂಗ್ಲಿಷಿನಿಂದ ಪದ ಪಡೆದ ಭಾಷೆ ಇಂಗ್ಲಿಷಿಗೆ ಬಾರದ ಕೆಲಸ ಮಾಡುತ್ತಿದೆ.

ಜೂನ್ 19, ಗುರುವಾರ

ಕಳೆದ ನಾಲ್ಕೈದು ದಿನ ಮೌಲ್ಯಮಾಪನದ ಗಲಾಟೆ. ಇವತ್ತು ಸಂಜೆ ಮತ್ತೆ ಗಾಪುನ್.

ಕುಲಿಕ್ ಅವರ ವಿವರಣೆಯ ತಿರುಳು ಎರಡು ಟೋಕ್ ಪಿಸಿನ್ ಪದಗಳಲ್ಲಿದೆ. ‘ಹೆಡ್’ ಮತ್ತು ‘ಸಾವೆ’. ಪ್ರತಿ ಮನುಷ್ಯನೊಳಗೂ ಇವೆರಡೂ ಇರುತ್ತವೆ ಎಂದು ಊರಿನವರ ನಂಬಿಕೆ. ಹೆಡ್ ಎಂದರೆ ತನ್ನಿಚ್ಛೆ, ಹಟ, ಯಾರ ಮಾತಿಗೂ ಬಗ್ಗದ ಸ್ವಭಾವ. ಸಾವೆ ಎಂದರೆ ತಿಳಿವಳಿಕೆ, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುವ ವಿವೇಕ. ಹಿಂದೆ ಇವೆರಡೂ ಎಲ್ಲರಲ್ಲೂ, ಎಲ್ಲ ಮಾತಿನಲ್ಲೂ ಇದ್ದವು. ಹೊಸ ಕಾಲದಲ್ಲಿ ಒಂದು ವಿಂಗಡಣೆಯಾಯಿತು. ಹೆಡ್ ಹೆಂಗಸರ ಪಾಲಿಗೆ, ಮಕ್ಕಳ ಪಾಲಿಗೆ, ಪಾದ್ರಿ ಬರುವುದಕ್ಕೆ ಮುಂಚಿನ ಹಳೆಯ ಬದುಕಿನ ಪಾಲಿಗೆ ಹೋಯಿತು. ಸಾವೆ ಗಂಡಸರಿಗೆ, ಚರ್ಚಿಗೆ, ದುಡ್ಡಿಗೆ, ಬಿಳಿಯರ ಲೋಕಕ್ಕೆ ಸೇರಿತು. ಭಾಷೆಗಳೂ ಹಾಗೇ ಹಂಚಿಹೋದವು. ತಯಾಪ್ ಹೆಡ್ ಕಡೆ, ಟೋಕ್ ಪಿಸಿನ್ ಸಾವೆ ಕಡೆ.

ಅದು ಕಣ್ಣಿಗೆ ಕಾಣುವುದು ಜಗಳದಲ್ಲಿ. ಅಲ್ಲಿ ಹೆಂಗಸು ಸಿಟ್ಟಾದರೆ ತನ್ನ ಮನೆಯಿಂದಲೇ ಊರಿಗೆಲ್ಲ ಕೇಳುವಂತೆ ಬೈಯುತ್ತಾಳೆ. ಅದಕ್ಕೆ ‘ಕ್ರೋಸ್’ ಎಂದು ಹೆಸರು. ಗಂಡ ಸೌದೆ ತರಲಿಲ್ಲ, ನೆರೆಯವಳ ಹಂದಿ ತೋಟಕ್ಕೆ ನುಗ್ಗಿತು, ಯಾವುದೂ ಸಾಕು. ಎದುರಾಳಿ ಅವಳ ಮನೆಯಲ್ಲಿ, ಇವಳು ಇವಳ ಮನೆಯಲ್ಲಿ. ಬಾಯಿಗೆ ಬಂದದ್ದೆಲ್ಲ ತಯಾಪ್‌ನಲ್ಲಿ, ಎಗ್ಗಿಲ್ಲದೆ. ಗಂಡಸರದು ಇದರ ತದ್ವಿರುದ್ಧ. ಗಂಡಸರ ಮನೆಯ ಜಗಲಿಯಲ್ಲಿ ಸೇರಿ, ಮನಸ್ಸಿನಲ್ಲಿ ಕುದಿಯುತ್ತಿದ್ದರೂ ನಯವಾಗಿ, ಎಲ್ಲರೂ ಒಂದೇ ಎಂದು ಭಾಷಣ ಮಾಡುತ್ತಾರೆ. ಹೆಚ್ಚಿನ ಪಾಲು ಟೋಕ್ ಪಿಸಿನ್‌ನಲ್ಲಿ.

ಮಕ್ಕಳು ಇವೆರಡನ್ನೂ ಕೇಳಿ ಬೆಳೆಯುತ್ತಾರೆ. ಬೈಗುಳ ಒಂದು ಭಾಷೆಯಲ್ಲಿ, ಮರ್ಯಾದೆ ಇನ್ನೊಂದರಲ್ಲಿ. ತಯಾಪ್ ಆಡಬೇಡ ಎಂದು ಯಾರೂ ಹೇಳಬೇಕಾಗಿಲ್ಲ.

ನಮ್ಮ ಕರಾವಳಿಯ ಕೊರಗರನ್ನು ಇಲ್ಲಿ ನೆನೆಯದಿರಲು ಆಗದು. ಅವರ ಭಾಷೆಯ ವ್ಯಾಕರಣವನ್ನು ಶಂಕರ ಭಟ್ಟರು 1971ರಲ್ಲೇ ಪ್ರಕಟಿಸಿದ್ದರು. ಆದರೆ ಅವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬರಲು 2000ದವರೆಗೆ ಕಾಯಬೇಕಾಯಿತು. ಆಡುವವರಿಗೆ ಮರ್ಯಾದೆ ಕೊಡದ ಸಮಾಜ ಅವರ ಭಾಷೆಗೆ ವ್ಯಾಕರಣ ಬರೆದಿಟ್ಟರೆ ಅದು ಕಪಾಟಿನಲ್ಲಿ ಉಳಿಯುತ್ತದೆ, ಅಷ್ಟೆ.

ಜೂನ್ 22, ಭಾನುವಾರ

ಇಡೀ ಓದಿನಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ ಇದು. ನಿಧಾನವಾಗಿ ಬರೆದಿಡುತ್ತೇನೆ.

ನಮ್ಮಲ್ಲಿ ಕೂಸಿನ ಮೊದಲ ಮಾತು ‘ಅಮ್ಮ’ ಎಂದುಕೊಂಡು ಹಿಗ್ಗುತ್ತೇವೆ. ಗಾಪುನ್‌ನಲ್ಲಿ ಕೂಸಿನ ಮೊದಲ ತೊದಲಿಗೆ ದೊಡ್ಡವರು ಹಚ್ಚುವ ಪದ ‘ಒಕಿ’. ‘ನಾನು ಇಲ್ಲಿಂದ ಹೊರಟೆ’ ಎಂಬಂಥ ಅರ್ಥ. ಇನ್ನೆರಡು: ‘ನನಗೆ ಸಾಕಾಯಿತು’, ‘ನಿಲ್ಲಿಸು’. ಎಲ್ಲವೂ ತಯಾಪ್ ಮಾತುಗಳು. ಕೂಸು ಹುಟ್ಟುತ್ತಲೇ ಹೆಡ್ ತುಂಬಿಕೊಂಡು ಬಂದಿರುತ್ತದೆ, ಯಾರ ಹಂಗೂ ಅದಕ್ಕೆ ಬೇಡ ಎಂಬುದು ಅವರ ತಿಳಿವಳಿಕೆ. ಇಷ್ಟು ಹಟಮಾರಿ ಜೀವಕ್ಕೆ ಮಾತು ಕಲಿಸುವ ಗೋಜಿಗೆ ಯಾರು ಹೋಗುತ್ತಾರೆ? ಸಾವೆ ಬಂದಾಗ ತಾನಾಗಿ ಕಲಿಯುತ್ತದೆ.

ಸಾವೆ ಬರುವ ವಯಸ್ಸಿಗೆ, ಅಂದರೆ ಮಗು ಹೇಳಿದ್ದು ಕೇಳಬೇಕಾದ ವಯಸ್ಸಿಗೆ, ತಾಯಿ ಏನು ಮಾಡುತ್ತಾಳೆ? ಬೆಂಕಿಯ ಹತ್ತಿರ ಹೋಗಬೇಡ ಎಂದು ತಯಾಪ್‌ನಲ್ಲಿ ಒಂದು ಸಲ ಕೂಗುತ್ತಾಳೆ. ಮಗು ಕೇಳುವುದಿಲ್ಲ. ಅದನ್ನೇ ಟೋಕ್ ಪಿಸಿನ್‌ನಲ್ಲಿ ಮತ್ತೆ ಕೂಗುತ್ತಾಳೆ. ಮಗು ತಿರುಗುತ್ತದೆ. ದಿನಕ್ಕೆ ನೂರು ಸಲ ಹೀಗಾದರೆ ಮಗು ಕಲಿಯುವ ಪಾಠ ಒಂದೇ. ಮೊದಲ ಭಾಷೆಗೆ ಓಗೊಡದಿದ್ದರೂ ನಡೆಯುತ್ತದೆ, ಎರಡನೆಯದಕ್ಕೆ ಓಗೊಟ್ಟರೆ ಸಾಕು. ಕುಲಿಕ್ ಹೋಗಿದ್ದ ಆ ಮೊದಲ ವರ್ಷಗಳಲ್ಲೇ ಹತ್ತು ವರ್ಷದ ಕೆಳಗಿನ ಒಂದು ಮಗುವೂ ತಯಾಪ್ ಆಡುತ್ತಿರಲಿಲ್ಲ.

ಏಕೆ ಹೀಗಾಯಿತು ಎಂದು ಕೇಳಿದರೆ ತಂದೆ ತಾಯಿಯರ ಉತ್ತರ: ನಾವು ತಯಾಪ್ ಬಿಟ್ಟಿಲ್ಲ, ಈ ಮಕ್ಕಳೇ ಹಟಮಾರಿಗಳು, ಇವರೇ ಆಡಲು ಒಲ್ಲರು. ಅವರು ಸುಳ್ಳು ಹೇಳುತ್ತಿಲ್ಲ. ತಾವು ಮಗುವಿನ ಜೊತೆ ಯಾವ ಭಾಷೆ ಆಡುತ್ತಿದ್ದೇವೆ ಎಂಬುದು ಅವರ ಗಮನಕ್ಕೇ ಬಂದಿಲ್ಲ. ಯಾರೂ ನಿರ್ಧರಿಸದೆ, ಯಾರೂ ಬಯಸದೆ, ಒಲೆಯ ಮುಂದಿನ ಮಾತಿನಲ್ಲಿ ಒಂದು ಭಾಷೆ ತಲೆಮಾರು ದಾಟದೆ ನಿಂತುಬಿಟ್ಟಿತು. ಮೂರು ವರ್ಷದ ಕೂಸಿನ ತಲೆಗೆ ಆರೋಪ ಕಟ್ಟಿ ದೊಡ್ಡವರು ಕೈತೊಳೆದುಕೊಂಡರು.

ಜೂನ್ 27, ಶುಕ್ರವಾರ

ಪಾಠ ಆಯಿತು. ತರಗತಿ ತುಂಬಿತ್ತು. ಮನಂಬು ತಲೆನೋವಿಗೆ ನಗು ಬಂತು, ಒಂದೇ ಪದದ ಹೆಗಲ ಸವಾರಿಗೆ ಬಾಯಿ ಬಿಟ್ಟರು.

ಹಿಂದಿನ ಬೆಂಚಿನ ಚುರುಕು ಹುಡುಗನೊಬ್ಬ ಎದ್ದ. “ಮೇಡಂ, ಆ ಊರಿನವರಿಗೆ ಇನ್ನೊಂದು ಭಾಷೆ ಬರುತ್ತಲ್ಲ. ಯಾರೂ ಮೂಕರಾಗಿಲ್ಲ. ದೇಶದ ಯಾವ ಮೂಲೆಗೆ ಹೋದರೂ ಮಾತಾಡಬಹುದು. ಹೋದದ್ದು ಏನು ಹಾಗಾದರೆ?”

ಒಳ್ಳೆಯ ಪ್ರಶ್ನೆ. ಅಳುಬುರುಕು ಉತ್ತರ ಕೊಡಬಾರದೆನ್ನಿಸಿತು. ಅವರಿಗೆ ಲಾಭವೂ ಆಗಿದೆ ಎಂದು ಒಪ್ಪಿಕೊಂಡೇ ಹೇಳಿದೆ. ಟೋಕ್ ಪಿಸಿನ್ ಇಲ್ಲದೆ ಅವರು ಪೇಟೆಗೆ ಹೋಗಲಾರರು, ಓಟು ಕೇಳಲು ಬಂದವನನ್ನು ಪ್ರಶ್ನಿಸಲಾರರು. ಆದರೆ ಅದನ್ನು ಪಡೆಯಲು ತಯಾಪ್ ಬಿಡಬೇಕಾದ ಅಗತ್ಯವಿರಲಿಲ್ಲ. ಅವರ ಅಜ್ಜಂದಿರು ನೆರೆಯ ಭಾಷೆಗಳನ್ನು ಆಡುತ್ತ ತಮ್ಮದನ್ನೂ ಉಳಿಸಿಕೊಂಡಿದ್ದರು. ಇನ್ನು ಹೋದದ್ದರ ಲೆಕ್ಕ. ಇದು ಒಂಟಿ ಭಾಷೆಯಾದ್ದರಿಂದ ಒಂದು ಭಾಷೆಯ ಜೊತೆ ಒಂದು ಇಡೀ ಕುಟುಂಬವೇ ಹೋಯಿತು. ನಾಳೆ ನ್ಯೂಗಿನಿಯ ಜನ ಯಾವ ಕಾಲದಲ್ಲಿ ಎಲ್ಲಿಂದ ಹೇಗೆ ಹರಡಿದರೆಂದು ಹುಡುಕುವವರಿಗೆ ಒಂದು ಸಾಕ್ಷಿ ಕಡಿಮೆ. ಊರಿನವರಿಗಾದರೆ ಕಾಡಿನ ಗಿಡಮರ, ಬಳ್ಳಿ, ಹಕ್ಕಿಗಳ ಒಂದೊಂದು ಹೆಸರೂ ಹೋಗಿ, ಆ ಜಾಗಕ್ಕೆ ಬರೀ ‘ಮರ’, ‘ಹಕ್ಕಿ’ ಬಂದು ಕೂರುತ್ತದೆ.

ಇನ್ನೊಬ್ಬಳು ಕೇಳಿದಳು. “ಶಾಲೆಯಲ್ಲಿ ಕಲಿಸಿದರೆ ಸರಿಹೋಗುತ್ತಿತ್ತಲ್ಲವೇ?” ಪಪುವಾ ನ್ಯೂಗಿನಿ ಅದನ್ನೂ ಮಾಡಿ ನೋಡಿದೆ. 1990ರ ದಶಕದಲ್ಲಿ ಮೊದಲ ತರಗತಿಗಳನ್ನು ಊರಿನ ಭಾಷೆಯಲ್ಲೇ ನಡೆಸುವ ನೀತಿ ತಂದಿತು. ನೂರಾರು ಭಾಷೆಗಳಲ್ಲಿ ಪಾಠ ನಡೆಯಿತು. 2013ರಲ್ಲಿ ಸರ್ಕಾರ ಮತ್ತೆ ಇಂಗ್ಲಿಷಿಗೇ ತಿರುಗಿತು. ನೀತಿ ಇಂದು ಬರುತ್ತದೆ, ನಾಳೆ ಹೋಗುತ್ತದೆ. ಮನೆಯಲ್ಲಿ ಆಡದ ಭಾಷೆಯನ್ನು ಶಾಲೆಯೊಂದೇ ಹೊತ್ತು ನಿಲ್ಲಲಾರದು.

ನಮ್ಮ ಊರಿನಲ್ಲೇ ಇರುವ ಭಾರತೀಯ ಭಾಷಾ ಸಂಸ್ಥಾನದ ಕೆಲಸವನ್ನೂ ಹೇಳಿದೆ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆ 2013ರಲ್ಲಿ ಶುರುವಾದದ್ದು. ಬರೆದಿಡುವುದು ಬೇಕೇ ಬೇಕು. ಕುಲಿಕ್, ಟೆರಿಲ್ ಬರೆದಿಡದಿದ್ದರೆ ಇವತ್ತು ನನಗೆ ಪಾಠವೇ ಇರುತ್ತಿರಲಿಲ್ಲ.

ಜುಲೈ 2, ಬುಧವಾರ

ಪುತ್ತೂರಿನಿಂದ ಅಮ್ಮ, ದೊಡ್ಡಮ್ಮ ಬಂದಿದ್ದಾರೆ. ಮನೆ ತುಂಬ ತುಳು. ಇವರಿಗೆ ತುಳು ಬಾರದು. ಮಗನಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ.

ಗಾಪುನ್‌ನ ಕೊನೆಯ ಅಧ್ಯಾಯವೂ ಇಂಥ ಹುಡುಗ ಹುಡುಗಿಯರದ್ದೇ. 2000ದ ದಶಕದ ಕೊನೆಗೆ ಕುಲಿಕ್ ಮತ್ತೆ ಹೋದಾಗ ಹದಿನೆಂಟು, ಇಪ್ಪತ್ತು, ಇಪ್ಪತ್ತೈದರ ಪ್ರಾಯದವರಲ್ಲಿ ಯಾರೂ ತಯಾಪ್ ಆಡುತ್ತಿರಲಿಲ್ಲ. ಅವರಿಗೆ ಬರುವುದೇ ಇಲ್ಲ ಎಂದು ಊರಿಗೆ ಊರೇ ಹೇಳುತ್ತಿತ್ತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಧ್ವನಿಮುದ್ರಕ ಇಟ್ಟು, ತಯಾಪ್‌ನಲ್ಲಿ ಒಂದು ಕತೆ ಹೇಳಿ ಎಂದಾಗ ನೋಡಿದರೆ, ಹೇಳಿದರು! ಕೆಲವರು ಸಲೀಸಾಗಿ, ಕೆಲವರು ತಡವರಿಸಿ. ಲಿಂಗ ತಪ್ಪಿರಬಹುದು, ಆ ಉದ್ದುದ್ದ ಕ್ರಿಯಾಪದಗಳು ಮೊಟಕಾಗಿರಬಹುದು, ನಡುವೆ ಟೋಕ್ ಪಿಸಿನ್ ಪದ ನುಸುಳಿರಬಹುದು. ಆದರೂ ಅದು ತಯಾಪೇ. ಭಾಷೆ ಅವರೊಳಗೆ ಬೆಳೆದು ಕೂತಿತ್ತು, ಬಾಯಿಗೆ ಬಂದಿರಲಿಲ್ಲ. ಕಾರಣ ಕೇಳಿದರೆ ನಾಚಿಕೆ. ಬಾಯಿ ಬಿಟ್ಟರೆ ಹಿರಿಯರು ತಪ್ಪು ಹಿಡಿದು ನಗುತ್ತಾರೆ, ನಕ್ಕದ್ದನ್ನು ಊರಿಗೆಲ್ಲ ಹೇಳುತ್ತಾರೆ.

ಅದನ್ನು ಓದಿ ಪುಸ್ತಕ ಮುಚ್ಚಿಟ್ಟು ಊಟಕ್ಕೆ ಕರೆಯಲು ಹೋದೆ. ಮಗ ಯಾವ ಲಹರಿಯಲ್ಲಿದ್ದನೋ, ದೊಡ್ಡಮ್ಮನಿಗೆ ತುಳುವಿನಲ್ಲೇ “ಯಾನ್ ಬರ್ಪೆ” ಅಂದ. ‘ನಾನು ಬರುತ್ತೇನೆ’ ಎಂಬ ಬರ್ಪೆಯ ಕೊನೆಯ ಸ್ವರ ಅಗಲ ಬಾಯಿಯದು. ‘ಅವನು ಬರುತ್ತಾನೆ’ ಎಂಬ ಬರ್ಪೆಯದು ಕಿರಿದು ಬಾಯಿಯದು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ, ತುಳುವರ ಕಿವಿಗೆ ಬೇರೆಬೇರೆ. ಅವನು ಕಿರಿದು ಬಾಯಿಯಲ್ಲಿ ಅಂದ. ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪ್ರೀತಿಯ ನಗುವೇ. 'ಬರುವವ ಯಾರು ಮಗಾ?' ಎಂದು ಕೇಳಿದರು. ಮಗನ ಕಿವಿ ಕೆಂಪಾಯಿತು. ಆಮೇಲೆ ಮಾತೆಲ್ಲ ಕನ್ನಡ.

ಮಲಗುವ ಮುಂಚೆ ಇಷ್ಟು ಬರೆದು ಮುಗಿಸುತ್ತೇನೆ. ಗಾಪುನ್‌ನ ಮಕ್ಕಳು ತಯಾಪ್ ಬಿಡಲಿಲ್ಲ, ಅವರ ಕೈಗೆ ಅದನ್ನು ಯಾರೂ ಕೊಡಲಿಲ್ಲ. ತಾವಾಗಿ ಎತ್ತಿಕೊಂಡವರನ್ನು ನಕ್ಕು ಬಾಯಿ ಮುಚ್ಚಿಸಿದರು. ಚಿಕ್ಕ ಭಾಷೆಗೆ ಸರ್ಕಾರ ಮಾಡಬೇಕಾದ್ದು ಬೇಕಾದಷ್ಟಿದೆ, ಅದು ಬೇರೆ ಮಾತು. ಮನೆಯ ದೊಡ್ಡವರು ಮಾಡಬೇಕಾದ್ದು ಎರಡೇ ಕೆಲಸ. ಮಕ್ಕಳ ಜೊತೆ ಆ ಭಾಷೆಯಲ್ಲೇ ಮಾತಾಡಬೇಕು, ಅವರು ತಪ್ಪಾಡಿದಾಗ ನಗದೆ ಮುಂದಿನ ಮಾತು ಆಡಬೇಕು. ನಾಳೆ ದೊಡ್ಡಮ್ಮನಿಗೆ ಇದನ್ನು ಹೇಳಬೇಕು, ತುಳುವಿನಲ್ಲಿ.